ಅಳತೆಯಲ್ಲಿ ಬಿಟ್ಟ ಮರ

ಸಾಮಿಲ್ಲಿನ ಕೆಲಸ ಬಿಟ್ಟ ದಿನ ಯಜಮಾನರ ಮಗ ನನಗೆ ಶಾಲು ಹೊದಿಸಿ, ಒಂದು ಗೋಡೆ ಗಡಿಯಾರ ಕೊಟ್ಟು, ನಾಲ್ಕು ಒಳ್ಳೆಯ ಮಾತಾಡಿದರು. ಗಡಿಯಾರ ಆರು ತಿಂಗಳಿಗೆ ನಿಂತುಹೋಯಿತು. ನಾನಿನ್ನೂ ನಿಂತಿಲ್ಲ. ಬೆಳಿಗ್ಗೆ ಎದ್ದು ತರೀಕೆರೆಯ ಬಸ್ ಸ್ಟ್ಯಾಂಡಿನವರೆಗೆ ನಡೆದು ಬರುವಾಗ ದಾರಿಯಲ್ಲಿ ಯಾವ ಮರ ಕಂಡರೂ ಕಣ್ಣು ತಾನಾಗಿಯೇ ಸುತ್ತಳತೆ ಹಿಡಿಯುತ್ತದೆ, ಬಾಯಿ ತಾನಾಗಿಯೇ ಲೆಕ್ಕ ಗೊಣಗುತ್ತದೆ. ಜೊತೆಗೆ ನಡೆಯುವವರು ನಾನು ಮಂತ್ರ ಹೇಳಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದಾರೆ. ಆ ಗೌರವ ಇರಲಿ ಎಂದು ನಾನೂ ತಿದ್ದಲು ಹೋಗಿಲ್ಲ.

ನನ್ನ ತಂಗಿಯ ಮಗಳು ಶೈಲಜಾ ದೊಡ್ಡ ಕ್ರೇನುಗಳನ್ನು ಬಾಡಿಗೆಗೆ ಕೊಡುವ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಬಂದಾಗ ಕೇಳಿದಳು:

"ಅಲ್ಲ ಮಾವ, ತೂಕ ತೋರ್ಸೋ ಮೀಟರೇ ಇರ್ಲಿಲ್ವಲ್ಲ ನಿಮ್ಗೆ. ಯಾವ ಧೈರ್ಯದ ಮೇಲೆ ಎತ್ರಪ್ಪಾ ಅಂತಿದ್ರಿ?"

"ಒಂದು ಟೇಪು, ಒಂದು ಬಳಪ. ಉದ್ದ ಗೊತ್ತಾಗಿ, ದಪ್ಪ ಗೊತ್ತಾಗಿ, ಮರ ಯಾವ್ದು ಅಂತ ಗೊತ್ತಾದ್ರೆ ತೂಕ ತಾನಾಗೇ ಬತ್ತದೆ ಕಣಮ್ಮ."

"ಎಷ್ಟು ಸಲ ತಪ್ಪಿದ್ರಿ?"

"ಒಂದೇ ಸಲ."

"ಹಂಗಾದ್ರೆ ಆ ಒಂದು ಸಲದ್ದು ಬರ್ದಿಡಿ ಮಾವ. ನಮ್ಮಂಥೋರಿಗೆ ಅದೇ ಬೇಕಾಗಿರೋದು."

ಬರೆದಿದ್ದೇನೆ. ಅದರ ಜೊತೆಗೆ ಗೆದ್ದದ್ದನ್ನೂ ಬರೆದಿದ್ದೇನೆ, ಅದನ್ನು ಬಿಟ್ಟುಬಿಡುವಷ್ಟು ವಿನಯ ನನಗಿಲ್ಲ. ಯಾವಾಗ ಗುಮಾಸ್ತನಾದೆ, ಯಾವಾಗ ಮೇಲ್ವಿಚಾರಕನಾದೆ ಎಂಬುದೆಲ್ಲ ಇಲ್ಲಿಲ್ಲ. ಅದರಿಂದ ಯಾರಿಗೂ ಪ್ರಯೋಜನವಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಪಿಯುಸಿಯಲ್ಲಿ ಫೇಲಾಗಿ ಮನೆಯಲ್ಲಿ ಮುಖ ತೋರಿಸಲಾಗದೆ ತಿರುಗುತ್ತಿದ್ದ ನನ್ನನ್ನು ನಮ್ಮ ಚಿಕ್ಕಪ್ಪ ತರೀಕೆರೆಯ ಒಂದು ಸಾಮಿಲ್ಲಿಗೆ ಕರೆದುಕೊಂಡು ಹೋದರು. ಯಜಮಾನರಾದ ಶಿವಲಿಂಗಪ್ಪನವರು ಹಣೆತುಂಬ ವಿಭೂತಿ ಹಚ್ಚಿ, ಮರದ ಹೊಟ್ಟಿನ ರಾಶಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಯಾವ ಸಬ್ಜೆಕ್ಟು ಹೋಗಿದ್ದು?" ಎಂದು ಕೇಳಿದರು.

"ಇಂಗ್ಲಿಷು."

"ಲೆಕ್ಕ?"

"ಲೆಕ್ಕದಲ್ಲಿ ಎಂಬತ್ತೆರಡು ಬಂದೈತೆ."

"ಮರಕ್ಕೆ ಇಂಗ್ಲಿಷ್ ಬರಲ್ಲ ಕಣೋ ರುದ್ರಪ್ಪಾ. ನಾಳೆಯಿಂದ ಬಾ."

ಅಲ್ಲಿಗೆ ಸಂದರ್ಶನ ಮುಗಿಯಿತು. ಮರುದಿನದಿಂದ ನಾನು ದಿಮ್ಮಿಗಳ ಅಳತೆಯವನಾದೆ.

ಆಗ ನಮ್ಮ ಕಸುಬಿನಲ್ಲಿ ಅಳೆಯುವ ಕ್ರಮ ಹೀಗಿತ್ತು. ದಿಮ್ಮಿಯ ಉದ್ದ ಹಿಡಿಯಬೇಕು. ನಡುಮಧ್ಯದಲ್ಲಿ ಟೇಪು ಸುತ್ತಿ ಸುತ್ತಳತೆ ಹಿಡಿಯಬೇಕು. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿದರೆ ಘನ ಅಡಿ ಸಿಕ್ಕಿತು. ಕಾಡಿನಲ್ಲಿ ಹಾಗೇ, ಹರಾಜಿನಲ್ಲಿ ಹಾಗೇ, ಸಾಮಿಲ್ಲಿನಲ್ಲೂ ಹಾಗೇ. ಕಾಗದದ ಮೇಲೆ ಮೀಟರು ಬಂದು ವರ್ಷಗಳಾಗಿದ್ದರೂ ಎಲ್ಲರ ಬಾಯಲ್ಲಿ ಅಡಿಯೇ ಇತ್ತು. ಬಂದ ಅಂಕಿಯನ್ನು ದಿಮ್ಮಿಯ ತುದಿಯಲ್ಲಿ ಬಣ್ಣದಿಂದ ಬರೆದರೆ ಅದು ಆ ಮರಕ್ಕೆ ಹೆಸರಿಟ್ಟಂತೆ, ಆಮೇಲೆ ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ.

ತೂಕ ಬೇಕಾದರೆ ಆ ಘನ ಅಡಿಯನ್ನು ಮರದ ಜಾತಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. ಆಫೀಸಿನ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದರು. ಸಾಗುವಾನಿ ಘನ ಅಡಿಗೆ ಹತ್ತೊಂಬತ್ತು ಕೆಜಿ, ಮತ್ತಿ ಇಪ್ಪತ್ತಾರು ಕೆಜಿ, ಹೀಗೆ. ಒಂದು ವಾರದಲ್ಲಿ ಪಟ್ಟಿ ನನಗೆ ಬಾಯಿಪಾಠವಾಯಿತು. ಯಾವ ದಿಮ್ಮಿ ತೋರಿಸಿದರೂ ನಿಂತಲ್ಲೇ ತೂಕ ಹೇಳುತ್ತಿದ್ದೆ. ಇಂಗ್ಲಿಷಿನಲ್ಲಿ ಹೋದ ಮಾನವನ್ನು ಮರದಲ್ಲಿ ವಾಪಸು ಪಡೆಯುತ್ತಿದ್ದೇನೆ ಎನಿಸಿ ಎದೆ ಉಬ್ಬುತ್ತಿತ್ತು.

ದಿಮ್ಮಿ ಎತ್ತುವ ಗುಂಪಿಗೆ ಮೇಸ್ತ್ರಿ ಕೆಂಚಪ್ಪ. ಸಖರಾಯಪಟ್ಟಣದ ಕಡೆಯವನು, ನನಗಿಂತ ಹದಿನೈದು ವರ್ಷ ದೊಡ್ಡವನು, ನಾನು ಕೆಂಚಣ್ಣ ಎನ್ನುತ್ತಿದ್ದೆ. ಅವನು ಟೇಪು ಮುಟ್ಟುತ್ತಿರಲಿಲ್ಲ. ದಿಮ್ಮಿಯ ಒಂದು ತುದಿಗೆ ಹಾರೆ ಕೊಟ್ಟು ಸ್ವಲ್ಪ ಅಲುಗಿಸಿ, ಮೇಲೆ ಅಂಗೈಯಿಟ್ಟು ತಟ್ಟಿ, ಎಷ್ಟು ಜನ ಬೇಕು ಎನ್ನುವುದನ್ನು ಹೇಳುತ್ತಿದ್ದ. ನಾನು ಬಂದ ಮೇಲೆ ಅದನ್ನೆಲ್ಲ ಬಿಟ್ಟು ನನ್ನ ಬಳಿಗೇ ಬರತೊಡಗಿದ. "ಅಳತೆ ಮೇಷ್ಟ್ರೇ, ಇದೆಷ್ಟು ತೂಗ್ತದೆ ಹೇಳ್ರಿ" ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷದ ನನ್ನನ್ನು ಮೇಷ್ಟ್ರೇ ಎಂದು ಕರೆದ ಮೊದಲ ಮನುಷ್ಯ ಅವನು. ಅವನಿಗಾಗಿ ನಾನು ಬಿಸಿಲಿನಲ್ಲಿ ನಿಂತು ಒಂದು ದಿಮ್ಮಿಯನ್ನು ಎರಡೆರಡು ಸಲ ಅಳೆಯುತ್ತಿದ್ದೆ.

ಆ ವರ್ಷದ ಒಂದು ಬೆಳಿಗ್ಗೆ ಮತ್ತಿಯ ದಿಮ್ಮಿಯೊಂದನ್ನು ಕೊಯ್ಯುವ ಟ್ರಾಲಿಯ ಮೇಲೆ ಇಡಬೇಕಾಗಿತ್ತು. ಉದ್ದ ಇಪ್ಪತ್ತಡಿ, ಸುತ್ತಳತೆ ಆರಡಿ. ಆರರಲ್ಲಿ ನಾಲ್ಕನೇ ಒಂದು ಭಾಗ ಒಂದೂವರೆ, ಒಂದೂವರೆ ಒಂದೂವರೆಗೆ ಎರಡೂಕಾಲು, ಇಪ್ಪತ್ತರಿಂದ ಗುಣಿಸಿದರೆ ನಲವತ್ತೈದು ಘನ ಅಡಿ. ಇಪ್ಪತ್ತಾರರಂತೆ ಹನ್ನೊಂದು ಕ್ವಿಂಟಾಲ್ ಎಪ್ಪತ್ತು ಕೆಜಿ. ದಿಮ್ಮಿಗೆ ಸುತ್ತಿ ಎತ್ತುವ ನಮ್ಮ ಹಗ್ಗದ ಜೋಲಿ ಹದಿನೈದು ಕ್ವಿಂಟಾಲ್ ತಡೆಯುತ್ತಿತ್ತು. ಧಾರಾಳವಾಯಿತು ಎಂದೆ.

ಕೆಂಚಣ್ಣ ಹಾರೆ ಕೊಟ್ಟು ಅಲುಗಿಸಿದ. ಮುಖ ಸಣ್ಣದು ಮಾಡಿದ.

"ಭಾರ ಐತೆ ಕಣ್ರೀ ಮೇಷ್ಟ್ರೇ. ಕೈಗೆ ಬ್ಯಾರೆ ಥರ ಹತ್ತತಾ ಐತೆ."

"ಬರ್ದಿದೀನಿ ನೋಡು ಕೆಂಚಣ್ಣ. ಹನ್ನೆರಡು ಕ್ವಿಂಟಾಲೂ ಇಲ್ಲ. ಲೆಕ್ಕ ಸುಳ್ಳು ಹೇಳ್ತದಾ?"

ಅವನು ನನ್ನ ಚೀಟಿ ನೋಡಿದ, ನನ್ನ ಮುಖ ನೋಡಿದ, ಎತ್ರಪ್ಪಾ ಅಂದ. ಮೂರು ಕಂಬ ಕೂಡಿಸಿ ನಿಲ್ಲಿಸಿದ ಮುಕ್ಕಾಲಿಗೆ ಕಟ್ಟಿದ್ದ ಚೈನ್ ಪುಲ್ಲಿ ಕಿರುಗುಟ್ಟುತ್ತ ದಿಮ್ಮಿಯನ್ನು ಮೇಲೆತ್ತಿತು. ಎರಡಡಿ ಎದ್ದಿರಬೇಕು, ಜೋಲಿ ಹರಿಯಿತು. ಕೆಂಚಣ್ಣ ಉಳಿದವರನ್ನು ಹಿಂದಕ್ಕೆ ತಳ್ಳಿ ತಾನು ಹಾರುವಷ್ಟರಲ್ಲಿ ಎಡಗಾಲು ಸಿಕ್ಕಿಬಿದ್ದಿತ್ತು. ಎರಡು ಬೆರಳು ಹೋದವು.

ಆಸ್ಪತ್ರೆಗೆ ಹೋದಾಗ ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ನಾನು ತಂದ ಬ್ರೆಡ್ಡು, ಮೋಸಂಬಿ ಪಕ್ಕದಲ್ಲಿಟ್ಟೆ. ತಿರುಗದೆಯೇ ಅವನು ಹೇಳಿದ:

"ಮುಟ್ಟಿ ನೋಡ್ದೆ. ಭಾರ ಐತೆ ಅಂತ ಕೈ ಹೇಳ್ತು. ನೀವು ಬರ್ದಿದ್ದು ತೋರ್ಸಿದ್ರಿ. ಕೈ ಬಿಟ್ಟು ಬರ್ದಿದ್ದನ್ನ ನಂಬ್ಬಿಟ್ಟೆ. ಅಷ್ಟೇ ಸ್ವಾಮಿ."

ಬೈದಿದ್ದರೆ ಚೆನ್ನಾಗಿತ್ತು. ಆ ಸ್ವಾಮಿ ಎಂಬ ಮಾತು ನನ್ನನ್ನು ಚುಚ್ಚಿದಷ್ಟು ಯಾವ ಬೈಗುಳವೂ ಚುಚ್ಚಿಲ್ಲ. ಮೂರು ತಿಂಗಳ ಮೇಲೆ ಕುಂಟುತ್ತ ಕೆಲಸಕ್ಕೆ ಬಂದ. ಅಂದಿನಿಂದ ತೂಕ ಕೇಳುವುದನ್ನು ನಿಲ್ಲಿಸಿದ, ಮೇಷ್ಟ್ರೇ ಎನ್ನುವುದನ್ನೂ ನಿಲ್ಲಿಸಿದ. ಮತ್ತೆ ಹಾರೆ, ಅಂಗೈ. ನನ್ನೊಂದಿಗೆ ಬೇಕಾದಷ್ಟೇ ಮಾತು.

ಯಜಮಾನರು ಹಗ್ಗ ಹಳೆಯದಿತ್ತು ಎಂದು ತೀರ್ಮಾನಿಸಿದರು. ನನಗೆ ಸಮಾಧಾನವಾಗಲಿಲ್ಲ. ಹಗ್ಗ ನಾನೇ ಪರೀಕ್ಷಿಸಿದ್ದು, ಅದು ಹೊಸದಾಗಿಯೇ ಇತ್ತು. ತಪ್ಪು ಲೆಕ್ಕದಲ್ಲೇ ಎಲ್ಲೋ ಇದೆ ಎನಿಸುತ್ತಿತ್ತು. ಕೆಲಸ ಬಿಟ್ಟು ಊರಿಗೆ ಹೋಗಿಬಿಡೋಣ ಎಂದು ಎರಡು ಸಲ ಟ್ರಂಕು ಕಟ್ಟಿದೆ. ತಪ್ಪು ಯಾವುದೆಂದು ತಿಳಿಯದೆ ಹೋಗಲು ಮನಸ್ಸಾಗದೆ ಎರಡು ಸಲವೂ ಬಿಚ್ಚಿದೆ.

ಕೊನೆಗೆ ಒಂದು ಭಾನುವಾರ ಹೊಸದಾಗಿ ಕಡಿದು ತಂದ ಮತ್ತಿಯಿಂದ ಎರಡು ತುಂಡು ಕೊಯ್ಯಿಸಿದೆ. ಒಂದು, ಮೂರಡಿ ಸುತ್ತಳತೆಯ ಕೊಂಬೆಯಿಂದ ಒಂದಡಿ ಉದ್ದದ ಗುಂಡು ತುಂಡು. ಇನ್ನೊಂದು, ಅಗಲ ಉದ್ದ ಎತ್ತರ ಮೂರೂ ಅರ್ಧ ಅಡಿಯಿರುವ ಚೌಕ ತುಂಡು. ನಮ್ಮ ಅಂಗಳದಲ್ಲಿ ಸೌದೆ ತೂಗುವ ತಕ್ಕಡಿಯಿತ್ತು, ಆದರೆ ಅದು ಎರಡು ಸಲ ತೂಗಿದರೆ ಎರಡು ಮಾತಾಡುವ ತಕ್ಕಡಿ. ಕಡೂರಿನಲ್ಲಿ ನನ್ನ ಅಕ್ಕನ ಗಂಡ ಕೊಬ್ಬರಿ ಮಂಡಿ ಇಟ್ಟಿದ್ದರು. ಅವರ ತೂಕದ ಕಾಟಾ ನೆಚ್ಚಿಕೊಂಡು ಎರಡೂ ತುಂಡುಗಳನ್ನು ಗೋಣಿಚೀಲಕ್ಕೆ ತುಂಬಿ ಬಸ್ಸು ಹತ್ತಿದೆ.

"ಏನ್ರೀ ಇದು, ಕಡೂರಲ್ಲಿ ಸೌದೆ ಸಿಗಲ್ವಾ?" ಎಂದ ಕಂಡಕ್ಟರು.

"ಇದು ಸೌದೆಯಲ್ಲ, ಪರೀಕ್ಷೆಗೆ ಹೋಗ್ತಾ ಇದೆ."

"ಹಂಗಾದ್ರೆ ಅದಕ್ಕೂ ಒಂದು ಟಿಕೆಟ್ ತಗಳ್ರಿ" ಎಂದು ಲಗೇಜು ಚೀಟಿ ಹರಿದ. ಬೀರೂರು ದಾಟುವವರೆಗೂ ಬಸ್ಸಿನವರೆಲ್ಲ ನಗುತ್ತಿದ್ದರು.

ಭಾವನವರು ಕಾಟಾದ ಮೇಲಿದ್ದ ಕೊಬ್ಬರಿ ಇಳಿಸಿ, "ಏನೋ ನಿನ್ನ ಅವತಾರ" ಎಂದು ಬೈಯುತ್ತಲೇ ಜಾಗ ಕೊಟ್ಟರು. ಮೊದಲು ಚೌಕ ತುಂಡು ಇಟ್ಟೆ. ನಾಲ್ಕು ಕೆಜಿ. ಅಂಥ ಎಂಟು ಜೋಡಿಸಿದರೆ ಒಂದು ಘನ ಅಡಿ, ಅಂದರೆ ಮೂವತ್ತೆರಡು ಕೆಜಿ. ಗೋಡೆಯ ಪಟ್ಟಿಯಲ್ಲಿದ್ದದ್ದು ಇಪ್ಪತ್ತಾರು. ಪಟ್ಟಿ ಬರೆದವನು ಒಣಗಿದ ಮರ ತೂಗಿದ್ದ, ನಾವು ಎತ್ತುತ್ತಿದ್ದದ್ದು ಹಸಿ ಮರ. ಒಂದು ತಪ್ಪು ಸಿಕ್ಕಿತು.

ಆಮೇಲೆ ಗುಂಡು ತುಂಡು. ನಮ್ಮ ಕ್ರಮದ ಲೆಕ್ಕ, ಹಸಿ ಮರದ ಅಂಕಿ ಹಿಡಿದು ಹೇಳುವುದಾದರೆ ಅದು ಹದಿನೆಂಟು ಕೆಜಿ ತೂಗಬೇಕು. ಕಾಟಾ ಇಪ್ಪತ್ತಮೂರು ತೋರಿಸಿತು. ತೆಗೆದು ಇಟ್ಟೆ, ಮತ್ತೆ ತೆಗೆದು ಇಟ್ಟೆ. ಇಪ್ಪತ್ತಮೂರೇ. ಆ ಐದು ಕೆಜಿ ಎಲ್ಲಿಂದ ಬಂತು?

ಮಂಡಿಯ ಮೂಲೆಯಲ್ಲಿ ಕೊಬ್ಬರಿ ಚೀಲ ಹೊಲಿಯುವ ಹುರಿ ಬಿದ್ದಿತ್ತು. ಅದನ್ನು ತುಂಡಿನ ಸುತ್ತ ಸುತ್ತಿ ಕತ್ತರಿಸಿದೆ. ನಾಲ್ಕು ಮಡಿಕೆ ಮಡಿಸಿ, ಆ ಅಳತೆಯ ಚೌಕವನ್ನು ತುಂಡಿನ ಕೊಯ್ದ ಮುಖದ ಮೇಲೆ ಬಳಪದಲ್ಲಿ ಬರೆದೆ. ನಾವು ಇಷ್ಟು ವರ್ಷ ಇದೇ ಮರ ಎಂದು ಅಳೆಯುತ್ತಿದ್ದದ್ದು ಈ ಚೌಕವನ್ನು. ಮೂಲೆಗಳು ನಾಲ್ಕು ಕಡೆ ಅರ್ಧ ಇಂಚಿನಷ್ಟು ಮುಖದ ಹೊರಗೆ ಹೋಗುತ್ತಿದ್ದವು. ಆದರೆ ಬದಿಗಳ ಆಚೆ ನಾಲ್ಕು ದಪ್ಪ ಹೊಟ್ಟೆಗಳು ಉಳಿದಿದ್ದವು. ಆ ಹೊಟ್ಟೆಗಳು ನಮ್ಮ ಯಾವ ಲೆಕ್ಕದಲ್ಲೂ ಇರಲಿಲ್ಲ.

ನಾನು ಜೋರಾಗಿ ನಕ್ಕೆನಂತೆ. ಭಾವನವರು ಅಕ್ಕನ ಬಳಿ ನಿನ್ನ ತಮ್ಮನಿಗೆ ಮದುವೆ ಮಾಡುವುದು ಒಳ್ಳೆಯದು ಎಂದು ಹೇಳಿದರಂತೆ.

ಮರುದಿನ ಅದೇ ತುಂಡನ್ನು ಯಜಮಾನರ ಮುಂದಿಟ್ಟೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಅದು ಬೇಕಂತಲೇ ಬಿಟ್ಟಿರೋದು ಕಣೋ. ಚೌಕ ಮಾಡಿ ಕೊಯ್ವಾಗ ತೊಗಟೆ, ಬದಿ ಹಲಗೆ ದಂಡ ಆಗಲ್ವಾ? ಕೊಂಡೋನಿಗೆ ನಷ್ಟ ಆಗ್ಬಾರ್ದು ಅಂತ ನಮ್ಮ ತಾತನ ಕಾಲದಿಂದ ಅಷ್ಟು ಬಿಟ್ಟೇ ಅಳೆಯೋದು."

"ಅಳತೇಲಿ ಬಿಟ್ಟಿದ್ದು ತೂಕದಲ್ಲೂ ಬಿಟ್ಟೋಗ್ತದಾ ಯಜಮಾನ್ರೇ?"

ಅವರು ತುಂಡನ್ನು ಹೊರಳಿಸಿ ಬಳಪದ ಚೌಕ ನೋಡಿದರು. ಆಮೇಲೆ ಕೆಂಚಪ್ಪನನ್ನು ಕರೆಸಬೇಕೆ ಎಂದು ಕೇಳಿದರು. ನಾನು ಬೇಡವೆಂದೆ. ಬೆರಳು ಕಳೆದುಕೊಂಡವನ ಮುಂದೆ ತಪ್ಪಿಗೆ ಕಾರಣ ವಿವರಿಸುತ್ತ ನಿಲ್ಲುವುದು ನನ್ನಿಂದಾಗದ ಮಾತಾಗಿತ್ತು. ಇನ್ನು ಮೇಲೆ ಸರಿಯಾದ ತೂಕ ಬರೆಯುವುದೊಂದೇ ನನಗೆ ತೋಚಿದ ದಾರಿ.

ಹಾಗೆ ನನ್ನ ಪುಸ್ತಕ ಶುರುವಾಯಿತು. ಜೇಬಿನಲ್ಲಿ ಹಿಡಿಯುವ ಸಣ್ಣ ಪುಸ್ತಕ. ಯಾವ ಜಾತಿಯ ಮರ ಬಂದರೂ ಹಸಿಯದ್ದೊಂದು, ಒಣಗಿದ್ದೊಂದು ತುಂಡು ಕೊಯ್ಯಿಸಿ ಕಡೂರಿಗೆ ಒಯ್ದು ತೂಗುತ್ತಿದ್ದೆ. ಪ್ರತಿ ಸುತ್ತಳತೆಗೂ ಒಂದಡಿ ಉದ್ದದ ದಿಮ್ಮಿ ಎಷ್ಟು ತೂಗುತ್ತದೆ ಎಂದು, ಬಿಟ್ಟ ಹೊಟ್ಟೆಗಳನ್ನೂ ಸೇರಿಸಿ, ಬರೆದಿಟ್ಟೆ. ಆಮೇಲೆ ಉದ್ದದಿಂದ ಗುಣಿಸಿದರಾಯಿತು. ಆ ಕಂಡಕ್ಟರು ನನ್ನ ಚೀಲ ನೋಡಿದ ಕೂಡಲೇ ಕೇಳದೆಯೇ ಲಗೇಜು ಚೀಟಿ ಹರಿಯುವಷ್ಟು ಪರಿಚಯವಾದ.

ಪ್ರತಿ ದಿಮ್ಮಿಯ ತುದಿಯಲ್ಲೂ ಬಣ್ಣದ ಅಂಕಿಯ ಕೆಳಗೆ ನನ್ನ ತೂಕವನ್ನು ಬಳಪದಲ್ಲಿ ಬರೆಯುತ್ತಿದ್ದೆ. ಯಾರಿಗೂ ಏನೂ ಹೇಳುತ್ತಿರಲಿಲ್ಲ. ಕೆಂಚಣ್ಣ ಮೊದಲು ಹಾರೆ ಕೊಟ್ಟು ಅಲುಗಿಸುತ್ತಿದ್ದ, ಆಮೇಲೆ ಬಳಪದ ಅಂಕಿಯ ಕಡೆ ಒಂದು ಗಳಿಗೆ ನೋಡುತ್ತಿದ್ದ, ಸುಮ್ಮನೆ ಕೆಲಸಕ್ಕೆ ತೊಡಗುತ್ತಿದ್ದ. ಹೀಗೆ ಹತ್ತು ವರ್ಷ ಕಳೆಯಿತು. ಆ ಹತ್ತು ವರ್ಷದಲ್ಲಿ ಒಂದು ಹಗ್ಗವೂ ಹರಿಯಲಿಲ್ಲ, ಅವನ ಬಾಯಿಂದ ಮೇಷ್ಟ್ರೇ ಎಂಬ ಮಾತೂ ಬರಲಿಲ್ಲ.

ನಡುವೆ ನನ್ನ ಹೆಸರು ಸ್ವಲ್ಪ ಹಬ್ಬಿತು. ಎಮ್ಮೆದೊಡ್ಡಿ ಕಾವಲಿನ ಹತ್ತಿರ ಮರ ಅಳೆಯಲು ಹೋಗಿದ್ದಾಗ ದನದ ಡಾಕ್ಟರೊಬ್ಬರು ಸಿಕ್ಕರು. ಅವರು ಒಂದು ಅಮೃತಮಹಲ್ ಹೋರಿಗೆ ತೂಕಕ್ಕೆ ತಕ್ಕಂತೆ ಔಷಧಿ ಕೊಡಬೇಕಿತ್ತು. "ಮರದ ತೂಕ ಹೇಳ್ತೀರಂತೆ, ಇದರದ್ದು ಹೇಳಿ ನೋಡೋಣ" ಎಂದು ಕೆಣಕಿದರು. ನನಗೂ ಸೊಕ್ಕಿತ್ತು. ನಾಲ್ಕು ಜನ ಹಗ್ಗ ಹಾಕಿ ಹಿಡಿದ ಹೋರಿಗೆ ದಿಮ್ಮಿಯ ಟೇಪು ಸುತ್ತಿದೆ. ಸುತ್ತಳತೆ ಆರಡಿ, ಉದ್ದ ನಾಲ್ಕೂವರೆ. ನೀರಿನಷ್ಟು ತೂಕ ಎಂದು ಹಿಡಿದು ಮುನ್ನೂರ ಅರವತ್ತೈದು ಕೆಜಿ ಎಂದೆ. ಡಾಕ್ಟರು ತಮ್ಮ ಲೆಕ್ಕದಲ್ಲಿ ಅದಕ್ಕಿಂತ ಅರವತ್ತು ಕೆಜಿ ಹೆಚ್ಚು ಹೇಳಿದರು. ಎಲ್ಲಿ ತಪ್ಪಿತು ಎಂದು ಯೋಚಿಸುತ್ತಿದ್ದಾಗ ಹೋರಿ ಹಿಡಿದಿದ್ದವನು ಹೇಳಿದ: "ಸ್ವಾಮಿ, ನಿಮ್ಮ ಹೋರಿಗೆ ತಲೆ ಕಾಲು ಇಲ್ವಾ?" ಬಿಟ್ಟದ್ದನ್ನು ಸೇರಿಸಬೇಕೆಂದು ಪುಸ್ತಕವನ್ನೇ ಇಟ್ಟಿದ್ದ ನಾನೇ ತಲೆ, ಕಾಲು, ಕೊಂಬು ಎಲ್ಲವನ್ನೂ ಬಿಟ್ಟಿದ್ದೆ. ಇದನ್ನು ನಾನು ತಪ್ಪುಗಳ ಲೆಕ್ಕಕ್ಕೆ ಸೇರಿಸಿಲ್ಲ, ಯಾಕೆಂದರೆ ಹೋರಿ ನಮ್ಮ ಸಾಮಿಲ್ಲಿನ ಸರಕಲ್ಲ.

ಈಗ ಅಜ್ಜಂಪುರದ ವಿಷಯಕ್ಕೆ ಬರುತ್ತೇನೆ. ಎಂಬತ್ತರ ದಶಕ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಅಜ್ಜಂಪುರದ ಆಚೆ ಒಂದು ಹಳ್ಳಿಯಲ್ಲಿ ಹಳ್ಳದ ಮೇಲೆ ಕಾಲುಸೇತುವೆ ಮಾಡಬೇಕಿತ್ತು. ಮಳೆಗಾಲದಲ್ಲಿ ಹಾಲಿನ ಕ್ಯಾನು ಹೊತ್ತವರು ಸೊಂಟಮಟ್ಟದ ನೀರಿನಲ್ಲಿ ದಾಟುತ್ತಿದ್ದ ಜಾಗ ಅದು. ಎರಡು ದಿಮ್ಮಿ ಅಡ್ಡ ಇಟ್ಟು ಮೇಲೆ ಹಲಗೆ ಹೊಡೆಯುವುದೆಂದು ತೀರ್ಮಾನವಾಗಿತ್ತು. ಮರ ನಮ್ಮದು, ಎತ್ತುವ ಜನ ಕೆಂಚಣ್ಣನ ಗುಂಪು, ಕೆಲಸ ಹಿಡಿದ ಗುತ್ತಿಗೆದಾರರ ಕಡೆಯಿಂದ ಮೋಹನ್ ಎಂಬ ಯುವ ಎಂಜಿನಿಯರು ಬಂದಿದ್ದರು. ಮೊದಲ ದಿಮ್ಮಿಯನ್ನು ಅಂಗಳದಲ್ಲಿ ಓರೆ ಮರಗಳ ಮೇಲೆ ಉರುಳಿಸಿಯೇ ಲಾರಿಗೆ ಹತ್ತಿಸಿದ್ದೆವು. ಅದನ್ನು ಒಪ್ಪಿಸಿ ರುಜು ಹಾಕಿಸಿಕೊಂಡು ಬರಲು ನಾನು ಲಾರಿಯಲ್ಲೇ ಹೋದೆ.

ಹಳ್ಳದ ದಡದಲ್ಲಿ ಎತ್ತುವ ಕಂಬ ನಿಲ್ಲಿಸಿ, ಚೈನ್ ಪುಲ್ಲಿ ಕಟ್ಟಿದ್ದರು. ಮೂವತ್ತು ಕ್ವಿಂಟಾಲ್ ಮೀರಬಾರದು ಎಂದು ಅದರ ಮೇಲೇ ಕೆತ್ತಿತ್ತು. ದಿಮ್ಮಿಯನ್ನು ಲಾರಿಯಿಂದ ಎತ್ತಿ, ಹಳ್ಳದ ಮೇಲೆ ತೇಲಿಸಿ ಆಚೆ ದಡಕ್ಕೆ ಮುಟ್ಟಿಸುವಾಗ ನಾಲ್ಕು ಜನ ಕೆಳಗೆ ಹಳ್ಳದೊಳಗೆ ನಿಂತು ಹಗ್ಗ ಹಿಡಿದು ತಿರುಗಿಸಬೇಕು. ಆ ನಾಲ್ವರಲ್ಲಿ ಒಬ್ಬ ಕೆಂಚಣ್ಣನ ತಮ್ಮ ಹಾಲಪ್ಪ. ಅವರು ಆಗಲೇ ಪಂಚೆ ಮೇಲಕ್ಕೆ ಕಟ್ಟಿ ಇಳಿದು ನಿಂತಿದ್ದರು.

ಮೋಹನ್ ದಿಮ್ಮಿಯ ತುದಿಯ ಬಣ್ಣದ ಅಂಕಿ ನೋಡಿದರು. ಉದ್ದ ಇಪ್ಪತ್ನಾಲ್ಕು, ಸುತ್ತಳತೆ ಎಂಟು, ಘನ ಅಡಿ ತೊಂಬತ್ತಾರು. ಜೇಬಿನಿಂದ ಕ್ಯಾಲ್ಕುಲೇಟರ್ ತೆಗೆದು ಇಪ್ಪತ್ತಾರರಿಂದ ಗುಣಿಸಿದರು. "ಇಪ್ಪತ್ತೈದು ಕ್ವಿಂಟಾಲ್. ಇನ್ನೂ ಐದು ಕ್ವಿಂಟಾಲ್ ಜಾಗ ಇದೆ. ಎತ್ತಿ" ಎಂದರು.

ಹತ್ತು ವರ್ಷದ ಹಿಂದಿನ ನನ್ನದೇ ಲೆಕ್ಕವನ್ನು ಇನ್ನೊಬ್ಬರ ಬಾಯಲ್ಲಿ ಕೇಳುತ್ತಿದ್ದೆ. ಬಳಪದಲ್ಲಿ ಬರೆದ ನನ್ನ ಅಂಕಿ ದಾರಿಯ ಧೂಳಿಗೆ ಅಳಿಸಿಹೋಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಕೆಂಚಣ್ಣ ಲಾರಿ ಹತ್ತಿ ದಿಮ್ಮಿಯ ಮೇಲೆ ಅಂಗೈ ಇಟ್ಟಿದ್ದ. ಒಂದು ಸಲ ತಟ್ಟಿದ. ತಮ್ಮ ನಿಂತಿದ್ದ ಕಡೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಕೇಳಿದ:

"ಮೇಷ್ಟ್ರೇ, ನಿಮ್ಮ ಪುಸ್ತಕ ಏನ್ ಹೇಳ್ತದೆ?"

ಪುಸ್ತಕ ತೆಗೆದು ಮತ್ತಿಯ ಪುಟ ಬಿಚ್ಚಿದೆ. ಮತ್ತಿ, ಹಸಿ, ಎಂಟಡಿ ಸುತ್ತಳತೆ: ಅಡಿಗೆ ನೂರ ಅರವತ್ತಮೂರು ಕೆಜಿ. ಇಪ್ಪತ್ನಾಲ್ಕು ಅಡಿಗೆ ಮೂವತ್ತೊಂಬತ್ತು ಕ್ವಿಂಟಾಲ್ ಹನ್ನೆರಡು ಕೆಜಿ. ಗಟ್ಟಿಯಾಗಿ ಓದಿದೆ.

ಮೋಹನ್ ನಕ್ಕರು. "ಏನ್ರೀ, ನಿಮ್ಮ ಸಾಮಿಲ್ಲಿನವರೇ ಬರೆದಿರೋ ಅಳತೆ ಇದು. ನೀವೇ ಸುಳ್ಳು ಅಂತೀರಾ?"

"ಸುಳ್ಳಲ್ಲ ಸಾರ್. ಅದು ಮಾರೋ ಅಳತೆ, ಎತ್ತೋ ಅಳತೆ ಅಲ್ಲ."

"ಹದಿನಾಲ್ಕು ಕ್ವಿಂಟಾಲ್ ವ್ಯತ್ಯಾಸ ಬರಕ್ಕೆ ಸಾಧ್ಯ ಇಲ್ಲ. ಕೆಲಸ ತಡ ಮಾಡ್ಬೇಡಿ. ಏನಪ್ಪಾ ಮೇಸ್ತ್ರಿ, ಎತ್ತಿಸು."

ಕೆಂಚಣ್ಣ ಲಾರಿಯಿಂದ ಇಳಿದ. ಹಳ್ಳದ ದಡಕ್ಕೆ ಕುಂಟುತ್ತ ಹೋಗಿ, "ಮೇಲೆ ಬರ್ರಲೇ" ಎಂದು ನಾಲ್ವರನ್ನೂ ಕರೆದ. ಅವರು ಬಂದು ಆಲದ ನೆರಳಿನಲ್ಲಿ ಕೂತರು. ಕೆಂಚಣ್ಣನೂ ಕೂತು ಎಲೆಅಡಿಕೆ ಬಿಚ್ಚಿದ.

"ಮೇಷ್ಟ್ರು ಹೇಳಿದ್ದು ಸುಳ್ಳು ಅಂತ ಆದ್ರೆ ನಾಳೆಯಿಂದ ನಮ್ಮನ್ನ ಕರೀಬ್ಯಾಡ್ರಿ ಸಾಹೇಬ್ರೇ. ಲಾರಿ ಮೇಲೇ ಐತಲ್ಲ ಮರ. ಕಡೂರಿಗೆ ಹೋಗಿ ಲಾರಿ ತೂಗೋ ಕಾಟಾದಲ್ಲಿ ತೂಕ ಹಾಕ್ಸ್ಕೊಂಡು ಬರ್ರಿ. ಅಲ್ಲೀತಂಕ ನಮ್ಮೋರು ಯಾರೂ ಹಳ್ಳಕ್ಕೆ ಇಳಿಯಲ್ಲ."

ಅವನ ಗುಂಪಿನ ದಿನದ ಕೂಲಿಯೇನು, ಮುಂದಿನ ಕೆಲಸಗಳೇ ಆ ಮಾತಿನ ಮೇಲೆ ನಿಂತವು. ಅವನ ಕಾಲ್ಬೆರಳು ತೆಗೆದ ನನ್ನ ಲೆಕ್ಕದ ಮೇಲೆ ಅವನು ಅಷ್ಟನ್ನೂ ಇಟ್ಟಿದ್ದ. ಮೋಹನ್ ಮುಖ ಕೆಂಪಾಯಿತು. ಕೊನೆಗೆ, ನಾನೇ ಹೋಗ್ತೀನಿ, ತೂಗಿಸಿ ನಿಮ್ಮ ಮುಖಕ್ಕೇ ಚೀಟಿ ಹಿಡೀತೀನಿ ಎಂದು ಲಾರಿ ಹತ್ತಿದರು. ಲಾರಿ ಧೂಳೆಬ್ಬಿಸಿಕೊಂಡು ಹೊರಟಾಗ ಬೆಳಿಗ್ಗೆ ಹತ್ತು ಗಂಟೆ.

ಅಷ್ಟು ಉದ್ದದ ದಿನ ನನ್ನ ಜೀವಮಾನದಲ್ಲಿ ಇನ್ನೊಂದಿಲ್ಲ. ಪುಸ್ತಕ ತೆಗೆದು ಎಂಟು ಸಲ ಲೆಕ್ಕ ಮಾಡಿದೆ. ಮರ ಪೊಳ್ಳಿದ್ದರೆ? ನಡುಮಧ್ಯದ ಸುತ್ತಳತೆ ತಪ್ಪು ಹಿಡಿದಿದ್ದರೆ? ಕೆಂಚಣ್ಣ ನನ್ನ ಅವಸ್ಥೆ ನೋಡಿ ಒಂದು ಎಲೆಗೆ ಸುಣ್ಣ ಹಚ್ಚಿ ಕೊಟ್ಟ.

"ಸುಮ್ಕೆ ಅಗೀರಿ. ಪುಸ್ತಕದಲ್ಲಿರೋದು ಅಲ್ಲಿಂದ ಎದ್ದೋಗಲ್ಲ."

"ಕೆಂಚಣ್ಣ, ನಾನು ಹೇಳಿದ್ದೂಂತ ಕೂತೆಯಲ್ಲ, ನಿನ್ನ ಕೈ ಏನು ಹೇಳ್ತು?"

"ಕೈನೂ ಅದೇ ಹೇಳ್ತು. ಹತ್ತು ವರ್ಷದಿಂದ ನಂದೂ ನಿಮ್ದೂ ಒಂದೇ ಹೇಳ್ತಾ ಐತೆ. ನೀವು ಬಳಪದಲ್ಲಿ ಬರ್ದಿದ್ದನ್ನ ನೋಡ್ತಾನೇ ಇದ್ನಲ್ಲ."

"ಮತ್ತೆ ಒಂದು ದಿನಾನೂ ಹೇಳ್ಲಿಲ್ವಲ್ಲೋ ಮಾರಾಯ."

"ನೀವೂ ಕೇಳ್ಲಿಲ್ಲ" ಎಂದು ಅವನು ಬೇರೆ ಕಡೆ ನೋಡಿದ. ನನ್ನ ಕಣ್ಣು ತುಂಬಿತು. ಎಲೆಅಡಿಕೆಯ ಖಾರ ಎಂದು ಒರೆಸಿಕೊಂಡೆ.

ಮೂರು ಗಂಟೆಯ ಹೊತ್ತಿಗೆ ದೂರದಲ್ಲಿ ಲಾರಿ ಕಂಡಿತು. ನಾವೆಲ್ಲ ಎದ್ದು ನಿಂತೆವು. ಹತ್ತಿರ ಬಂದ ಹಾಗೆ ಹಾಲಪ್ಪ ಮೊದಲು ನೋಡಿ ಹೇಳಿದ:

"ಅಣ್ಣಾ, ಮರದ ಪಕ್ಕದಲ್ಲಿ ಏನೋ ಐತೆ ನೋಡು."

ದಿಮ್ಮಿಯ ಪಕ್ಕದಲ್ಲಿ ಇನ್ನೊಂದು ಚೈನ್ ಪುಲ್ಲಿ ಇತ್ತು. ಮೋಹನ್ ಕಡೂರಿನಿಂದ ಬಾಡಿಗೆಗೆ ತಂದಿದ್ದರು. ಚೀಟಿ ಓದುವ ಮೊದಲೇ ನಮಗೆಲ್ಲ ವಿಷಯ ಗೊತ್ತಾಯಿತು. ಗುಂಪಿನವರು ಶಿಳ್ಳೆ ಹೊಡೆದರು. ನಾನು ಗಂಭೀರವಾಗಿರಬೇಕೆಂದು ತುಂಬ ಪ್ರಯತ್ನಪಟ್ಟೆ, ಆಗಲಿಲ್ಲ.

ಮೋಹನ್ ಕೆಳಗಿಳಿದು ನೇರವಾಗಿ ನನ್ನ ಬಳಿ ಬಂದರು. ಮುಖಕ್ಕೆ ಹಿಡಿಯುತ್ತೇನೆ ಎಂದಿದ್ದ ಚೀಟಿಯನ್ನು ಎರಡು ಕೈಯಲ್ಲಿ ಕೊಟ್ಟರು. ಲಾರಿಯ ಮೇಲೆ ಬರೆದಿದ್ದ ಅದರ ಖಾಲಿ ತೂಕ ಕಳೆದು ಅವರೇ ಕೆಳಗೆ ಬರೆದಿದ್ದರು: ಮೂವತ್ತೆಂಟು ಕ್ವಿಂಟಾಲ್ ತೊಂಬತ್ತು ಕೆಜಿ.

"ಎತ್ತಿಸಿಬಿಟ್ಟಿದ್ರೆ ಏನಾಗ್ತಿತ್ತು ಅಂತ ದಾರಿಯುದ್ದಕ್ಕೂ ಅದೇ ಯೋಚನೆ. ಎಲ್ಲಿ ತಪ್ಪಿದೆ ನಾನು? ಹೇಳಿಕೊಡಿ" ಎಂದರು.

ಒಂದು ಹುರಿ ಕೇಳಿದೆ. ದಿಮ್ಮಿಗೆ ಸುತ್ತಿ, ನಾಲ್ಕು ಮಡಿಕೆ ಮಾಡಿ, ತುದಿಯಲ್ಲಿ ಚೌಕ ಬರೆದು ಆಚೆಗೆ ಉಳಿದ ನಾಲ್ಕು ಹೊಟ್ಟೆಗಳನ್ನು ತೋರಿಸಿದೆ. ಅವರು ಅಲ್ಲೇ ಲಾರಿಯ ಗಾಲಿಗೆ ಒರಗಿ ಕೂತು ನನ್ನ ಪುಸ್ತಕದ ಮತ್ತಿಯ ಪುಟ ಪೂರ್ತಿ ಬರೆದುಕೊಂಡರು. ಇಂಥ ಮನುಷ್ಯರ ಮೇಲೆ ಸಿಟ್ಟು ಉಳಿಯುವುದಿಲ್ಲ. ಶೈಲಜಾ, ನಿನಗೂ ಹೇಳುವುದು ಇಷ್ಟೇ. ನಿನ್ನ ಕೈಗೆ ಒಂದು ಅಂಕಿ ಬಂದರೆ, ಅದನ್ನು ಅಳೆದವರು ಯಾವ ಕೆಲಸಕ್ಕೆ ಅಳೆದರು, ಏನನ್ನು ಬಿಟ್ಟರು ಎಂದು ಮೊದಲು ಕೇಳು. ಮೀಟರು ಇದ್ದರೂ ಕೇಳು.

ಮರುದಿನ ಎರಡು ದಡದಲ್ಲೂ ಒಂದೊಂದು ಪುಲ್ಲಿ ನಿಲ್ಲಿಸಿದೆವು. ಒಂದೊಂದು ತುದಿಗೆ ಹತ್ತೊಂಬತ್ತೂವರೆ ಕ್ವಿಂಟಾಲ್ ಬಿತ್ತು. ದಿಮ್ಮಿ ಹಳ್ಳದ ಮೇಲೆ ಮೆಲ್ಲಗೆ ಸರಿದು ತನ್ನ ಜಾಗದಲ್ಲಿ ಕೂತಿತು, ಕೆಳಗೆ ಹಗ್ಗ ಹಿಡಿದಿದ್ದ ನಾಲ್ವರೂ ನಗುತ್ತ ಮೇಲೆ ಬಂದರು. ಹಲಗೆ ಹೊಡೆಯುವ ಮೊದಲೇ ಊರಿನವರು ಅದರ ಮೇಲೆ ನಡೆದು ನೋಡಿದರು.

ಆದರೆ ನನ್ನ ಗೆಲುವು ಅದಲ್ಲ. ಅದು ಹಿಂದಿನ ದಿನವೇ, ಲಾರಿಯ ಪಕ್ಕದಲ್ಲೇ ಆಗಿಹೋಗಿತ್ತು. ಮೋಹನ್ ಪುಸ್ತಕ ಮುಚ್ಚಿ ವಾಪಸು ಕೊಡುತ್ತ, ಒಂದು ಸಣ್ಣ ಮಾತು ಉಳಿಸಿಕೊಂಡವರಂತೆ ಹೇಳಿದರು:

"ಆದ್ರೂ ಪುಸ್ತಕದ್ದು ಇಪ್ಪತ್ತೆರಡು ಕೆಜಿ ಜಾಸ್ತಿಯಾಯ್ತಲ್ಲ ರುದ್ರಪ್ಪನವರೇ."

ನಾನು ಹೌದೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕೆಂಚಣ್ಣ ಮುಂದೆ ಬಂದು ದಿಮ್ಮಿಯ ಒಂದು ಬದಿ ತೋರಿಸಿದ. ಲಾರಿಗೆ ಬಿಗಿದ ಹಗ್ಗ ದಾರಿಯಲ್ಲಿ ಉಜ್ಜಿ ಉಜ್ಜಿ ಅಲ್ಲಿ ಉದ್ದಕ್ಕೂ ತೊಗಟೆ ಎದ್ದುಹೋಗಿತ್ತು.

"ಮೇಷ್ಟ್ರ ಲೆಕ್ಕ ತಪ್ಪಿಲ್ಲ ಸಾಹೇಬ್ರೇ" ಎಂದ. "ಆ ಇಪ್ಪತ್ತೆರಡು ಕೆಜಿ ಕಡೂರು ರಸ್ತೇಲಿ ಬಿದ್ದೈತೆ. ಹೋಗಿ ಆರ್ಸ್ಕೊಂಡು ಬರ್ರಿ."